ಮೇದಸ್ಸಿನ ದೂತ

ಒಬ್ಬನ ಶರೀರದಲ್ಲಿ ಮೇದಸ್ಸು ಮಿತವಾಗಿಯೂ ಮತ್ತೊಬ್ಬನ ಶರೀರದಲ್ಲಿ ಅಮಿತವಾಗಿಯೂ ಸಂಚಯವಾಗುವುದೇತಕ್ಕೆಂಬ ಪ್ರಶ್ನೆ ಬಹು ಪುರಾತನವಾದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನನ್ನು ನಿಂದಿತರಾದ ಎಂಟು ಬಗೆಯ ಶರೀರಿಗಳ ಸಾಲಿನಲ್ಲಿ ನಿಲ್ಲಿಸಿದ ಆಚಾರ್ಯರು, ಅತಿಭೋಜನ, ಹಗಲುನಿದ್ರೆ, ವ್ಯಾಯಾಮದ ಅಭಾವ ಇವೇ ಮೊದಲಾದ ಕಾರಣಗಳನ್ನು ಎಣಿಸುತ್ತ ಬೀಜಸ್ವಭಾವವನ್ನೂ ಅವುಗಳ ಜೊತೆಗೆ ಸೇರಿಸಿದ್ದಾರೆ. ಅಷ್ಟೇ ಅಲ್ಲದೆ, ಅತಿಯಾದ ಹಸಿವೂ ನೀರಡಿಕೆಯೂ ಸ್ಥೂಲನನ್ನು ಪೀಡಿಸುವ ದೋಷಗಳೆಂದು ಗಣಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಪಾಶ್ಚಾತ್ಯ ವೈದ್ಯರಲ್ಲಿ ಬಹುಮಂದಿಗೆ ಇಷ್ಟು ಉದಾರವಾದ ದೃಷ್ಟಿಯಿರಲಿಲ್ಲ. ಅವರ ಎಣಿಕೆಯಲ್ಲಿ ಮೇದಸ್ಸೆಂಬುದು ನಮ್ಮ ಹಳ್ಳಿಗಳ ಹಗೇವಿನಂತೆ ಮೂಕವಾದ ಒಂದು ಉಗ್ರಾಣ. ಹಾಕಿದಷ್ಟನ್ನು ತುಂಬಿಕೊಳ್ಳುವುದು, ತೆಗೆದಷ್ಟಕ್ಕೆ ಬರಿದಾಗುವುದು, ತನ್ನ ಒಡಲಿನಲ್ಲಿ ಎಷ್ಟಿದೆಯೆಂಬುದನ್ನು ತಾನಾಗಿ ಯಾರಿಗೂ ತಿಳಿಸದಿರುವುದು ಅದರ ಲಕ್ಷಣ. ಉಗ್ರಾಣವು ತುಂಬಿ ತುಳುಕಿದರೆ ತಪ್ಪೆಲ್ಲವೂ ತುಂಬಿದವನದು, ಅಂದರೆ ಜಿಹ್ವಾಚಾಪಲ್ಯವನ್ನು ಗೆಲ್ಲಲಾರದ ಆ ಮನುಷ್ಯನದು. ಈ ತೀರ್ಪನ್ನು ಹೊತ್ತು ತಲೆತಗ್ಗಿಸಿ ಬಾಳಿದವರ ಸಂಖ್ಯೆಗೆ ಲೆಕ್ಕವಿಲ್ಲ. ಮೇದಸ್ಸು ಮೂಕವಲ್ಲ, ಅದು ರಕ್ತದ ಮೂಲಕ ಮಿದುಳಿಗೆ ಎಡೆಬಿಡದೆ ವಾರ್ತೆಯನ್ನು ಕಳುಹುತ್ತಿರುವ ಒಂದು ಅವಯವವೆಂಬುದು ಸ್ಥಾಪಿತವಾಗಬೇಕಾದರೆ ಸುಮಾರು ಅರ್ಧ ಶತಮಾನವೇ ಕಳೆಯಬೇಕಾಯಿತು; ಆ ಅರ್ಧ ಶತಮಾನದ ವೃತ್ತಾಂತವನ್ನು ಇಲ್ಲಿ ನಿರೂಪಿಸಲು ಹೊರಟಿದ್ದೇನೆ.

ಅಮೆರಿಕದ ಈಶಾನ್ಯದ ಕೊನೆಯಲ್ಲಿ, ಮೇನ್ ಸಂಸ್ಥಾನದ ಕಡಲ ಕರೆಗೆ ಸಮೀಪವಾಗಿರುವ ಮೌಂಟ್ ಡೆಸರ್ಟ್ ದ್ವೀಪದಲ್ಲಿ ಬಾರ್ ಹಾರ್ಬರ್ ಎಂಬ ಊರಿದೆ. ಅಲ್ಲಿ 1929ರಲ್ಲಿ ಕ್ಲಾರೆನ್ಸ್ ಕುಕ್ ಲಿಟ್ಲ್ ಎಂಬ ತಳಿವಿಜ್ಞಾನಿಗಳು, ಮಿಶಿಗನ್ ವಿಶ್ವವಿದ್ಯಾನಿಲಯದ ಅಧ್ಯಕ್ಷಪದವಿಯನ್ನು ಬಿಟ್ಟುಬಂದು, ಕ್ಯಾನ್ಸರ್ ಮೊದಲಾದ ರೋಗಗಳ ಆನುವಂಶಿಕ ಮೂಲವನ್ನು ಇಲಿಗಳಲ್ಲಿ ಅರಸುವ ಉದ್ದೇಶದಿಂದ ಜಾಕ್ಸನ್ ಲ್ಯಾಬೊರೇಟರಿಯನ್ನು ಸ್ಥಾಪಿಸಿದರು. 1947ರ ಅಕ್ಟೋಬರಿನಲ್ಲಿ ಆ ದ್ವೀಪಕ್ಕೆ ಕಾಳ್ಗಿಚ್ಚು ಹತ್ತಿ, 17,000 ಎಕರೆಗೂ ಮಿಗಿಲಾದ ನೆಲವನ್ನು ಸುಟ್ಟಿತು. ಪ್ರಯೋಗಾಲಯದ ಬಹುಭಾಗವೂ, ವರ್ಷಗಟ್ಟಲೆ ಜೋಪಾನವಾಗಿ ಬೆಳೆಸಿಕೊಂಡು ಬಂದಿದ್ದ ಇಲಿಗಳ ಸಂತತಿಗಳೂ ಅದಕ್ಕೆ ಆಹುತಿಯಾದುವು. ಆದರೆ ಆ ಸಂಸ್ಥೆ ಹಿಂದೆ ಧಾರಾಳವಾಗಿ ಅನ್ಯರಿಗೆ ಇಲಿಗಳನ್ನು ಹಂಚಿದ್ದುದರಿಂದ, ನಾನಾ ದೇಶಗಳ ವಿಜ್ಞಾನಿಗಳು ಅವೇ ವಂಶದ ಇಲಿಗಳನ್ನು ಹಿಂದಕ್ಕೆ ಕಳುಹಿಕೊಟ್ಟರು, ಮತ್ತು ಕಳೆದುಹೋದ ವಂಶಗಳು ಒಂದೊಂದಾಗಿ ಮರಳಿ ನೆಲೆಗೊಂಡುವು. ಹೀಗೆ ಪುನಃ ಕಟ್ಟಿಕೊಂಡ ಆ ಇಲಿಮನೆಯಲ್ಲಿ, 1949ರ ಬೇಸಗೆಯಲ್ಲಿ, ಕೆಲವು ಮರಿಗಳು ತಮ್ಮ ಒಡಹುಟ್ಟುಗಳಂತಲ್ಲದೆ ವಿಪರೀತವಾಗಿ ಕೊಬ್ಬುತ್ತಿದ್ದುದು ಕಣ್ಣಿಗೆ ಬಿದ್ದಿತು.

ಹುಟ್ಟಿದಾಗ ಆ ಮರಿಗಳಲ್ಲಿ ಏನೂ ಭೇದ ತೋರದು. ನಾಲ್ಕಾರು ವಾರ ಕಳೆಯುವಷ್ಟರಲ್ಲಿ ಮೈ ಅಗಲವಾಗಿ, ನಡಿಗೆ ನಿಧಾನವಾಗಿ, ತಿನ್ನುವುದೊಂದರ ಹೊರತು ಇನ್ನಾವುದರಲ್ಲಿಯೂ ಆಸಕ್ತಿಯಿಲ್ಲದಂತಾಗಿ, ಪ್ರಾಯ ತುಂಬುವ ಹೊತ್ತಿಗೆ ಸಾಧಾರಣ ಇಲಿಯ ಮೂರು ಪಟ್ಟು ತೂಗುತ್ತಿದ್ದುವು. ಅವುಗಳಿಗೆ ಸಂತಾನವಾಗುತ್ತಿರಲಿಲ್ಲವಾಗಿ, ದೋಷವನ್ನು ಒಳಗೇ ಅಡಗಿಸಿಕೊಂಡಿದ್ದ ತೆಳು ಮೈಯ ತಂದೆತಾಯಿಗಳಿಂದಲೇ ಆ ವಂಶವನ್ನು ಮುಂದುವರಿಸಬೇಕಾಗಿದ್ದಿತು. ಅಂತಹ ದಂಪತಿಗಳ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಸ್ಥೂಲವಾಗುತ್ತಿದ್ದುದನ್ನು ಕಂಡಾಗ, ಇದು ಒಂದೇ ಒಂದು ವಂಶವಾಹಿಯ ವಿಕೃತಿಯೆಂಬುದು ಮೆಂಡೆಲನ ನಿಯಮಕ್ಕನುಸಾರವಾಗಿ ಸಿದ್ಧವಾಯಿತು. ಆನ್ ಇಂಗಲ್ಸ್, ಮಾರ್ಗರೆಟ್ ಡಿಕಿ, ಜಾರ್ಜ್ ಸ್ನೆಲ್ ಎಂಬ ಮೂವರು 1950ರಲ್ಲಿ ಈ ವಿಷಯವನ್ನು ಪ್ರಕಟಿಸಿ ಆ ವಿಕೃತಿಗೆ 'ಒಬೀಸ್' ಎಂದು ಹೆಸರಿಟ್ಟರು. ಶಾಸ್ತ್ರಜ್ಞರ ನುಡಿಯಲ್ಲಿ ಅದು 'ಓಬಿ' ಇಲಿಯಾಯಿತು. ಒಂದೇ ಒಂದು ವಂಶವಾಹಿ ಕೆಟ್ಟುದರಿಂದ ಒಂದು ಜೀವಿ ಹೊಟ್ಟೆಬಾಕನಾಗುವುದಾದರೆ, ಹೊಟ್ಟೆಬಾಕತನವನ್ನು ಮನೋದೌರ್ಬಲ್ಯವೆಂದು ಕರೆಯುವುದು ಎಷ್ಟರಮಟ್ಟಿಗೆ ನ್ಯಾಯವೆಂಬ ಸಂಶಯ ಅಂದೇ ಹುಟ್ಟಬೇಕಾಗಿದ್ದಿತು. ಹುಟ್ಟಿದ್ದು ಕೆಲವರಲ್ಲಿ ಮಾತ್ರ.

ಇತ್ತ ಮಿದುಳಿನ ದಿಕ್ಕಿನಿಂದಲೂ ಒಂದು ಹಾದಿ ತೆರೆಯುತ್ತಿದ್ದಿತು. ಷಿಕಾಗೋ ನಗರದಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್ ಎಂಬವರು 1940ರಲ್ಲಿ, ದೊಡ್ಡ ಜಾತಿಯ ಇಲಿಗಳ ಮಿದುಳಿನ ತಳಭಾಗದ ಹೈಪೊಥಲಾಮಸ್ಸಿನಲ್ಲಿ ಒಂದು ಸಣ್ಣ ನೆಲೆಯನ್ನು ವಿದ್ಯುತ್ತಿನಿಂದ ಸುಟ್ಟರೆ ಆ ಪ್ರಾಣಿಗಳು ಮಿತಿಮೀರಿ ಕೊಬ್ಬುತ್ತವೆಂದು ತೋರಿಸಿದ್ದರು. ಹಾಗಾದರೆ ತೃಪ್ತಿಯನ್ನು ಅರಿಯುವ ಸ್ಥಾನವೊಂದು ಅಲ್ಲಿದೆ. ಆದರೆ ಶರೀರದಲ್ಲಿ ಮೇದಸ್ಸು ಎಷ್ಟಿದೆಯೆಂಬುದು ಅದಕ್ಕೆ ತಿಳಿಯುವ ಬಗೆ ಯಾವುದು? ಇಂಗ್ಲೆಂಡಿನ ಗಾರ್ಡನ್ ಕೆನಡಿ 1953ರಲ್ಲಿ, ಮೇದಸ್ಸಿನ ಪ್ರಮಾಣಕ್ಕೆ ಅನುಗುಣವಾಗಿ ಯಾವುದೋ ಒಂದು ದ್ರವ್ಯ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟುತ್ತಿರಬೇಕೆಂದು ಊಹಿಸಿದರು. ಆ ಊಹೆಗೆ ಪ್ರಯೋಗದ ಬಲವನ್ನು ಕೊಟ್ಟವರು ಕೇಂಬ್ರಿಜ್ಜಿನ ಹರ್ವಿ. ಎರಡು ಪ್ರಾಣಿಗಳ ಪಕ್ಕೆಯ ಚರ್ಮವನ್ನು ಸೀಳಿ ಒಂದಕ್ಕೊಂದನ್ನು ಹೊಲಿದರೆ, ಗಾಯ ಮಾಯುವಾಗ ಕಿರುರಕ್ತನಾಳಗಳು ಇತ್ತಂಡವನ್ನೂ ಕೂಡಿಕೊಂಡು, ಒಂದರ ರಕ್ತ ಅಲ್ಪಾಲ್ಪವಾಗಿ ಇನ್ನೊಂದಕ್ಕೆ ಹರಿಯತೊಡಗುವುದು. ಹರ್ವಿ ಹೀಗೆ ಕೂಡಿಸಿದ ಜೋಡಿಯಲ್ಲಿ ಒಂದರ ಹೈಪೊಥಲಾಮಸ್ಸನ್ನು ಮಾತ್ರ ಸುಟ್ಟರು. ಅದು ನಿರೀಕ್ಷಿಸಿದಂತೆ ತಿಂದು ಕೊಬ್ಬಿತು, ಆದರೆ ಅದರ ಜೊತೆಗಾರನು, ಏನೂ ಅಪಾಯವಾಗದಿದ್ದ ಆ ಇಲಿಯು, ಆಹಾರವನ್ನು ಕಡಮೆಮಾಡಿ ಸೊರಗಿಹೋಯಿತು. ಕೊಬ್ಬಿದ ಶರೀರದಿಂದ ಹೊರಟ ಒಂದು ಆಜ್ಞೆಯನ್ನು, ಅದನ್ನು ಕೇಳಬಲ್ಲ ಮಿದುಳು ಮಾತ್ರ ಕೇಳಿ ಪಾಲಿಸಿತೆಂದೇ 1959ರಲ್ಲಿ ಪ್ರಕಟವಾದ ಈ ಪ್ರಯೋಗದ ಅರ್ಥ.

ಇನ್ನು ಡಗ್ಲಸ್ ಕೋಲ್ಮನ್ ಅವರ ಮಾತಿಗೆ ಬರಬೇಕು. ಕೆನಡಾ ದೇಶದ ಆಂಟೇರಿಯೊ ಪ್ರಾಂತದ ಸ್ಟ್ರ್ಯಾಟ್‌ಫರ್ಡಿನಲ್ಲಿ 1931ರಲ್ಲಿ ಹುಟ್ಟಿದ ಅವರು, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನಶಾಸ್ತ್ರದ ಡಾಕ್ಟರೇಟನ್ನು ಪಡೆದು 1958ರಲ್ಲಿ ಬಾರ್ ಹಾರ್ಬರಿಗೆ ಬಂದವರು, ತಮ್ಮ ವೃತ್ತಿಜೀವನವನ್ನೆಲ್ಲ ಅಲ್ಲಿಯೇ ಕಳೆದರು. 1965ರಲ್ಲಿ ಅದೇ ಪ್ರಯೋಗಾಲಯದಲ್ಲಿ ಇನ್ನೊಂದು ಬಗೆಯ ಸ್ಥೂಲ ಇಲಿ ಕಾಣಿಸಿಕೊಂಡಿತು. ಅದಕ್ಕೆ ಉಗ್ರವಾದ ಮಧುಮೇಹವೂ ಇದ್ದುದರಿಂದ 'ಡಯಾಬಿಟೀಸ್' ಎಂದು, ಸಂಕ್ಷೇಪವಾಗಿ 'ಡಿಬಿ' ಎಂದು ಹೆಸರಾಯಿತು. ಈ ಇಲಿಯ ರಕ್ತದಲ್ಲಿ ರೋಗವನ್ನು ಹುಟ್ಟಿಸುವ ಅಥವಾ ತಡೆಯುವ ದ್ರವ್ಯವೇನಾದರೂ ಇದೆಯೆ ಎಂದು ತಿಳಿಯುವ ಸಲುವಾಗಿ ಕೋಲ್ಮನ್ ಹರ್ವಿಯವರ ವಿಧಾನವನ್ನೇ ಹಿಡಿದು, ಒಂದು ಡಿಬಿ ಇಲಿಯನ್ನೂ ಒಂದು ಸಾಧಾರಣ ಇಲಿಯನ್ನೂ ಕೂಡಿಸಿ ಹೊಲಿದರು. ಡಿಬಿ ಇಲಿಯಲ್ಲಿ ಯಾವ ಮಾರ್ಪಾಡೂ ಕಾಣಲಿಲ್ಲ; ಅದು ಎಂದಿನಂತೆ ತಿಂದು ಕೊಬ್ಬುತ್ತಿದ್ದಿತು. ಸಾಧಾರಣ ಇಲಿ ಮಾತ್ರ ಕೆಲವೇ ದಿನಗಳಲ್ಲಿ ಸತ್ತಿತು. ಕೊಯ್ದು ನೋಡಿದರೆ ಹೊಟ್ಟೆ ಬರಿದು, ರಕ್ತದಲ್ಲಿ ಸಕ್ಕರೆ ಇಳಿದುಹೋಗಿದ್ದಿತು; ಬೇಕಾದಷ್ಟು ಕಾಳು ಎದುರಿಗಿದ್ದಂತೆಯೇ ಅದು ಹಸಿವಿಲ್ಲದೆ ಉಪವಾಸದಿಂದ ಪ್ರಾಣಬಿಟ್ಟಿದ್ದಿತು. ಒಂದು ಜೋಡಿಯಲ್ಲಿ ಹೀಗಾದರೆ ಆಕಸ್ಮಿಕವೆನ್ನಬಹುದು. ಜೋಡಿ ಜೋಡಿಯಲ್ಲಿಯೂ ಇದೇ ಫಲ ಮರುಕಳಿಸಿತು. 1969ರಲ್ಲಿ ಪ್ರಕಟವಾದ ಈ ವೃತ್ತಾಂತವನ್ನು ಓದುವಾಗ ಆ ಮೂಕಪ್ರಾಣಿಗಳ ಪಾಡಿಗೆ ಮನಸ್ಸು ಮರುಗದಿರದು; ಮಾನವಲೋಕಕ್ಕೆ ದೊರೆತ ಒಂದು ತಿಳಿವಿಗೆ ಅವು ತೆತ್ತ ಬೆಲೆಯನ್ನು ಮರೆತು ಮುಂದೆ ಹೋಗುವುದು ಸಲ್ಲದು.

ಎರಡು ಇಲಿಗಳ ಸಂಬಂಧವೇನೆಂಬ ಪ್ರಶ್ನೆ ಉಳಿದಿದ್ದಿತು. ಓಬಿ ಇಲಿಯ ಮಧುಮೇಹ ಸೌಮ್ಯ, ಡಿಬಿಯದು ಪ್ರಾಣಾಂತಿಕ. ಆದ್ದರಿಂದ ಅವು ಬೇರೆ ಬೇರೆ ರೋಗಗಳೆಂದೇ ತೋರುತ್ತಿದ್ದಿತು. ಕೋಲ್ಮನ್ ಅವರು ತಮ್ಮ ಸಹೋದ್ಯೋಗಿ ಕ್ಯಾಥರೀನ್ ಹಮ್ಮೆಲ್ ಅವರೊಡಗೂಡಿ, ಎರಡು ವಿಕೃತಿಗಳನ್ನೂ ತಲೆಮಾರುಗಳ ತಳಿಸಂಕರದಿಂದ ಒಂದೇ ವಂಶದ ಇಲಿಗಳಿಗೆ ತಂದು ನೋಡಿದಾಗ, ಒಂದನ್ನು ಇನ್ನೊಂದರಿಂದ ಬೇರೆಮಾಡಿ ಹೇಳುವುದೇ ಅಸಾಧ್ಯವಾಯಿತು. ಭೇದವಿದ್ದುದು ವಂಶದ ಹಿನ್ನೆಲೆಯಲ್ಲಿಯೇ ಹೊರತು ವಿಕೃತಿಯಲ್ಲಿ ಅಲ್ಲ. ಆಗ ಅವರು ಓಬಿಯನ್ನು ಡಿಬಿಯೊಡನೆ ಕೂಡಿಸಿದರು: ಓಬಿ ಇಲಿ, ಜನ್ಮವಿಡೀ ತಿನ್ನುವುದನ್ನು ಬಿಟ್ಟರಿಯದ ಆ ಪ್ರಾಣಿ, ತಿನ್ನುವುದನ್ನು ನಿಲ್ಲಿಸಿ ಕೆಲವು ವಾರಗಳಲ್ಲಿ ಸೊರಗಿ ಸತ್ತಿತು. ಓಬಿಯನ್ನು ಸಾಧಾರಣ ಇಲಿಯೊಡನೆ ಕೂಡಿಸಿದಾಗ ಯಾವುದೂ ಸಾಯಲಿಲ್ಲ. ಓಬಿಯ ಹಸಿವು ಹಿತವಾಗಿ ತಗ್ಗಿ, ಅದರ ತೂಕ ಏರುವುದು ನಿಧಾನವಾಯಿತು. ಈ ಮೂರು ಫಲಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಅವರು ಮಾಡಿದ ಅನುಮಾನ ತರ್ಕಶಾಸ್ತ್ರದ ಪಾಠವಾಗಲು ಯೋಗ್ಯವಾದುದು. ತೃಪ್ತಿಯನ್ನು ಸಾರುವ ಒಂದು ದ್ರವ್ಯ ರಕ್ತದಲ್ಲಿ ಸಂಚರಿಸುತ್ತಿದೆ. ಓಬಿ ಇಲಿ ಅದನ್ನು ತಯಾರಿಸಲಾರದು, ಆದರೆ ಪಡೆದರೆ ಅರಿಯಬಲ್ಲುದು. ಡಿಬಿ ಇಲಿ ಅದನ್ನು ಹೇರಳವಾಗಿ ತಯಾರಿಸಬಲ್ಲುದು, ಆದರೆ ಅರಿಯಲಾರದು. ಒಂದರಲ್ಲಿ ದೂತನಿಲ್ಲ, ಇನ್ನೊಂದರಲ್ಲಿ ದೂತನ ಮಾತನ್ನು ಕೇಳುವ ಕಿವಿಯಿಲ್ಲ. 1973ರಲ್ಲಿ, ಆ ದ್ರವ್ಯದ ಒಂದು ಕಣವನ್ನೂ ಕಾಣದೆ, ಅದರ ಹೆಸರನ್ನೂ ಅರಿಯದೆ, ಕೋಲ್ಮನ್ ಇಷ್ಟನ್ನೂ ಬರೆದಿಟ್ಟರು. ಮುಂದೆ ಇಪ್ಪತ್ತಕ್ಕೂ ಮಿಕ್ಕ ವರ್ಷಗಳ ಮೇಲೆ ಬಯಲಿಗೆ ಬಂದ ಸತ್ಯದಿಂದ ಇದರಲ್ಲಿ ತಿದ್ದಬೇಕಾದ ಒಂದಂಶವೂ ದೊರೆಯಲಿಲ್ಲ.

ಆದರೂ ಆ ಕಾಲದ ವಿದ್ವನ್ಮಂಡಲಿ ಅದನ್ನು ಸುಲಭವಾಗಿ ಅಂಗೀಕರಿಸಲಿಲ್ಲ. ಸ್ಥೌಲ್ಯವು ನಡತೆಯ ದೋಷವೆಂಬ ಮತ ಆಳವಾಗಿ ಬೇರೂರಿದ್ದಿತು. ಮೇಲಾಗಿ ಆ ದ್ರವ್ಯವನ್ನು ರಕ್ತದಿಂದ ಬೇರ್ಪಡಿಸಿ ತೋರಿಸುವುದು ಯಾರಿಂದಲೂ ಆಗಲಿಲ್ಲ. ಕೋಲ್ಮನ್ ಸ್ವತಃ ವರ್ಷಗಟ್ಟಲೆ ಅರಸಿ ಕೈಸೋತರು. ನೊಬೆಲ್ ಪುರಸ್ಕೃತೆಯಾದ ರೊಸಾಲಿನ್ ಯಾಲೊ ಅವರೂ ಸ್ಟ್ರಾಸ್ ಎಂಬವರೂ 1979ರಲ್ಲಿ, ಕರುಳಿನಲ್ಲಿಯೂ ಮಿದುಳಿನಲ್ಲಿಯೂ ಇರುವ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಓಬಿ ಇಲಿಗಳ ಮಿದುಳಿನಲ್ಲಿ ಕಡಮೆಯೆಂದು ಸಾರಿದಾಗ ಹುಡುಕಾಟ ಮುಗಿಯಿತೆಂದು ಹಲವರು ಭಾವಿಸಿದರು. ಅನ್ಯರ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ.

ಆ ಹಾರ್ಮೋನಿನ ಜಾಡನ್ನೇ ಹಿಡಿದು ಈ ಕ್ಷೇತ್ರಕ್ಕೆ ಬಂದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್ಮನ್ ಎಂಬ ತರುಣ ವೈದ್ಯರು. ಓಬಿ ವಂಶವಾಹಿ ಇಲಿಯ 6ನೆಯ ವರ್ಣತಂತುವಿನಲ್ಲಿದೆಯೆಂಬುದು ಮೊದಲೇ ತಿಳಿದಿದ್ದಿತು. ಕೊಲಿಸಿಸ್ಟೊಕೈನಿನ್ನಿನ ವಂಶವಾಹಿ 9ನೆಯದರಲ್ಲಿದೆಯೆಂದು ಅವರೇ ತೋರಿಸಿದಾಗ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ರುಡಾಲ್ಫ್ ಲೀಬೆಲ್ ಎಂಬ ಮಕ್ಕಳ ವೈದ್ಯರೊಡನೆ 1986ರಲ್ಲಿ ಆರಂಭಿಸಿದ ಕೆಲಸ ಅತ್ಯಂತ ಶ್ರಮದಾಯಕವಾದುದು: ದ್ರವ್ಯ ಯಾವುದೆಂದು ಅರಿಯದೆಯೇ, ತಳಿಸಂಕರದಿಂದ ಪಡೆದ ಸಾವಿರಕ್ಕೂ ಮಿಗಿಲಾದ ಇಲಿಗಳಲ್ಲಿ ಸ್ಥೌಲ್ಯದೊಡನೆ ಸದಾ ಜೊತೆಗೂಡಿ ಬರುವ ವರ್ಣತಂತುವಿನ ಅಂಶ ಯಾವುದೆಂದು ಹುಡುಕುತ್ತ, ಎಲ್ಲೆಯನ್ನು ಕಿರಿದುಗೊಳಿಸುತ್ತ, ಕಡೆಗೆ ಆ ಕಿರಿದಾದ ತುಣುಕಿನೊಳಗಿನ ವಂಶವಾಹಿಗಳನ್ನು ಒಂದೊಂದಾಗಿ ಪರಿಶೀಲಿಸುವುದು. ಎಂಟು ವರ್ಷಗಳು ಹೀಗೆ ಸಂದುವು. ಆ ತುಣುಕಿನ ವಂಶವಾಹಿಗಳಲ್ಲೊಂದು ಮೇದಸ್ಸಿನಲ್ಲಿ ಮಾತ್ರ ಕಾರ್ಯಮಾಡುತ್ತಿದ್ದುದು ಗಮನಕ್ಕೆ ಬಂದಿತು. 1994ರ ಮೇ 8ರ ಭಾನುವಾರ ಬೆಳಗಿನ ಜಾವ ಫ್ರೀಡ್ಮನ್ ಕತ್ತಲೆಕೋಣೆಯಲ್ಲಿ ಎಕ್ಸ್‌ರೇ ಫಿಲ್ಮನ್ನು ತೊಳೆದು ಬೆಳಕಿಗೆ ಹಿಡಿದರು. ಓಬಿ ವಿಕೃತಿಯುಳ್ಳ ಎರಡು ವಂಶಗಳಲ್ಲಿ ಒಂದರಲ್ಲಿ ಆ ವಂಶವಾಹಿಯ ಗುರುತು ಮೂಡಿರಲೇ ಇಲ್ಲ. ಇನ್ನೊಂದರಲ್ಲಿ, ಕೇಳುವವರಿಲ್ಲದೆ ಕೂಗು ಏರಿತೋ ಎಂಬಂತೆ, ಸಾಧಾರಣಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಗಾಢವಾಗಿ ಮೂಡಿದ್ದಿತು. ಎರಡೂ ಒಂದೇ ಮಾತನ್ನು ಹೇಳುತ್ತಿದ್ದುವು. ಅರಸುತ್ತಿದ್ದ ವಂಶವಾಹಿ ಇದೇ.

ಯೀಯಿಂಗ್ ಝಾಂಗ್ ಮೊದಲಾದ ಸಹೋದ್ಯೋಗಿಗಳೊಡನೆ ಅವರು ಬರೆದ ಲೇಖನ ಅದೇ ವರ್ಷದ ಡಿಸೆಂಬರ್ 1ರಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಂಶವಾಹಿಯ ಅಪ್ಪಣೆಯಂತೆ ಮೇದಸ್ಸಿನ ಜೀವಕೋಶಗಳಲ್ಲಿ 167 ಅಮೈನೋ ಆಮ್ಲಗಳ ಒಂದು ಪ್ರೋಟೀನು ತಯಾರಾಗುವುದು; ಅದರ ತಲೆಯ ಭಾಗದ 21 ಕಳಚಿಹೋಗಿ, ಉಳಿದ 146ರ ಸರಪಳಿ ರಕ್ತದಲ್ಲಿ ಸಂಚರಿಸುವುದು. 1949ರ ಆ ಓಬಿ ವಂಶದಲ್ಲಿ 105ನೆಯ ಸ್ಥಾನದ ಒಂದಕ್ಷರ ತಪ್ಪಿದುದರಿಂದ ಪ್ರೋಟೀನಿನ ರಚನೆ ನಡುವೆಯೇ ನಿಂತುಬಿಡುತ್ತಿದ್ದಿತು. ಮನುಷ್ಯನಲ್ಲಿಯೂ ನೂರಕ್ಕೆ 84 ಪಾಲು ಹೋಲುವ ಇದೇ ಪ್ರೋಟೀನು ಇದೆಯೆಂಬುದು ಆ ಲೇಖನದಲ್ಲಿಯೇ ತಿಳಿದುಬಂದಿತು. ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು. 1995ರ ಜುಲೈಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮೂರು ತಂಡಗಳು ಒಮ್ಮೆಗೇ ವರದಿಮಾಡಿದುವು: ಲೆಪ್ಟಿನ್ ಚುಚ್ಚಿದ ಓಬಿ ಇಲಿಗಳು ಎರಡು ವಾರಗಳಲ್ಲಿ ನೂರಕ್ಕೆ ಮೂವತ್ತರಷ್ಟು ತೂಕವನ್ನು ಕಳೆದುಕೊಂಡುವು, ಸಾಧಾರಣ ಇಲಿಗಳೂ ತೆಳ್ಳಗಾದುವು, ಡಿಬಿ ಇಲಿಗಳಿಗೆ ಏನೂ ಆಗಲಿಲ್ಲ. ಅದೇ ವರ್ಷದ ಕೊನೆಗೆ ಲೆಪ್ಟಿನ್ನನ್ನು ಗ್ರಹಿಸುವ ಗ್ರಾಹಕವೂ ದೊರೆತು, ಡಿಬಿ ಇಲಿಯಲ್ಲಿ ಕೆಟ್ಟಿರುವುದು ಅದೇ ಎಂಬುದು ಬೇಗನೆ ಸ್ಪಷ್ಟವಾಯಿತು. ಕೋಲ್ಮನ್ ಬರೆದಿಟ್ಟಿದ್ದುದು ಅಕ್ಷರಶಃ ನಿಜವಾಯಿತು.

ಕ್ಯಾಲಿಫೋರ್ನಿಯದ ಆಮ್ಜೆನ್ ಎಂಬ ಔಷಧ ಕಂಪೆನಿ ಈ ಪ್ರೋಟೀನಿನ ಹಕ್ಕಿಗಾಗಿ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯಕ್ಕೆ ಮೊದಲ ಕಂತಾಗಿಯೇ 2 ಕೋಟಿ ಡಾಲರುಗಳನ್ನು ತೆತ್ತಿತು. ಸ್ಥೌಲ್ಯಕ್ಕೆ ಮದ್ದು ಸಿಕ್ಕಿತೆಂಬ ಸಂಭ್ರಮ ಲೋಕದಲ್ಲೆಲ್ಲ ಹರಡಿತು. ಆದರೆ ಸ್ಥೂಲರಾದ ಮನುಷ್ಯರ ರಕ್ತವನ್ನು ಪರೀಕ್ಷಿಸಿದಾಗ ಅಲ್ಲಿ ಲೆಪ್ಟಿನ್ನಿನ ಅಭಾವವಿರಲಿಲ್ಲ. ಮೇದಸ್ಸು ಹೆಚ್ಚಿದಷ್ಟೂ ಅದೂ ಹೆಚ್ಚಿಯೇ ಇರುವುದು 1996ರಲ್ಲಿ ಸಿದ್ಧವಾಯಿತು. ಸ್ಥೂಲರಲ್ಲಿ ಬಹುಪಾಲು ಜನ ಓಬಿ ಇಲಿಯನ್ನಲ್ಲ, ಡಿಬಿ ಇಲಿಯನ್ನು ಹೋಲುವವರು. ಗ್ರಾಹಕ ನೆಟ್ಟಗಿದ್ದರೂ ಅವರ ಮಿದುಳು ಆ ವಾರ್ತೆಗೆ ಮಂದವಾಗಿದೆ. 1999ರಲ್ಲಿ ಪ್ರಕಟವಾದ ಚಿಕಿತ್ಸಾಪರೀಕ್ಷೆಯಲ್ಲಿ, ಅತ್ಯಧಿಕ ಪ್ರಮಾಣದ ಲೆಪ್ಟಿನ್ನನ್ನು 24 ವಾರ ಪಡೆದ ಕೆಲವರು ಸರಾಸರಿ 7.1 ಕಿಲೋಗ್ರಾಮಿನಷ್ಟು ಇಳಿದರಾದರೂ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಫಲವಾಗಿ, ಸಾರ್ವತ್ರಿಕವಾದ ಔಷಧವಾಗುವ ಆಶೆ ಕುಂದಿತು.

ಈ ನಿರಾಶೆಯ ನಡುವೆ ಒಂದು ಗಂಭೀರವಾದ ತಿಳಿವು ದೊರೆಯಿತು. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಅರ್ಥವತ್ತಾದ ಭಾಗ ವಿರಳ. ಬಾಸ್ಟನ್ ನಗರದ ಜೆಫ್ರಿ ಫ್ಲೈಯರ್ ಮತ್ತು ಅವರ ಸಂಗಡಿಗರು 1996ರಲ್ಲಿ ಇಲಿಗಳನ್ನು ಉಪವಾಸವಿಟ್ಟು ನೋಡಿದಾಗ, ಲೆಪ್ಟಿನ್ ಥಟ್ಟನೆ ಇಳಿದು, ಅದರ ಬೆನ್ನಿಗೆ ಥೈರಾಯ್ಡಿನ ರಸ ತಗ್ಗಿ, ಸಂತಾನಕ್ರಿಯೆ ಹಿಂದೆ ಸರಿದು, ಶರೀರವೆಲ್ಲ ಬರಗಾಲವನ್ನು ಎದುರಿಸುವ ಸನ್ನಾಹದಲ್ಲಿ ತೊಡಗುತ್ತಿದ್ದಿತು. ಉಪವಾಸದ ಹೊತ್ತಿನಲ್ಲಿಯೇ ಲೆಪ್ಟಿನ್ ಚುಚ್ಚಿದರೆ ಈ ಮಾರ್ಪಾಡುಗಳು ಬಹುಮಟ್ಟಿಗೆ ತಡೆಯಲ್ಪಡುತ್ತಿದ್ದುವು. ಅಂದಮೇಲೆ ಪ್ರಕೃತಿ ಈ ದೂತನನ್ನು ನಿಯಮಿಸಿದುದು ಸಮೃದ್ಧಿಯ ಸುದ್ದಿಗಿಂತ ಹೆಚ್ಚಾಗಿ ಕ್ಷಾಮದ ಸುದ್ದಿಗಾಗಿ. ದೂತನು ಬರುವುದು ತಗ್ಗಿದರೆ ಮಿದುಳು ತಕ್ಷಣವೇ ಎಚ್ಚರಗೊಳ್ಳುವುದು. ಬರುವುದು ಹೆಚ್ಚಾದರೆ ಅಷ್ಟೇನೂ ಲೆಕ್ಕಿಸದು. ಉಪವಾಸಮಾಡಿ ತೂಕವನ್ನಿಳಿಸಿದವನು ಮರಳಿ ಹಸಿವಿನ ಕೈಗೆ ಸಿಕ್ಕುವುದೇಕೆಂಬುದಕ್ಕೆ ಒಂದು ಕಾರಣ ಇಲ್ಲಿ ಕಾಣುತ್ತದೆ. ಅವನ ಮೇದಸ್ಸು ಕರಗಿದಷ್ಟೂ ರಕ್ತದಲ್ಲಿ ಲೆಪ್ಟಿನ್ ಇಳಿದು, ಮಿದುಳು ಅದನ್ನು ಬರಗಾಲವೆಂದೇ ಭಾವಿಸುವುದು. ಅವನ ಸಂಕಲ್ಪವನ್ನು ಹಳಿಯುವ ಮುನ್ನ ಇದನ್ನು ನೆನೆಯುವುದು ವೈದ್ಯರಾದವರಿಗೂ ಬಂಧುಗಳಾದವರಿಗೂ ಯುಕ್ತವಾದುದು.

ಮೇದಸ್ಸು ಕಳುಹುವ ದೂತರಲ್ಲಿ ಲೆಪ್ಟಿನ್ ಒಂಟಿಯಲ್ಲ. 1987ರಲ್ಲಿಯೇ ಬ್ರೂಸ್ ಸ್ಪೀಗೆಲ್ಮನ್ ಅವರ ತಂಡ, ಮೇದಸ್ಸಿನಿಂದ ರಕ್ತಕ್ಕಿಳಿಯುವ ಅಡಿಪ್ಸಿನ್ ಎಂಬ ಪ್ರೋಟೀನು ಸ್ಥೂಲ ಇಲಿಗಳಲ್ಲಿ ಕುಗ್ಗಿರುವುದನ್ನು ಕಂಡಿದ್ದಿತು. 1995ರಲ್ಲಿ ಫಿಲಿಪ್ ಶೆರರ್, ಹಾರ್ವಿ ಲೋಡಿಷ್ ಮೊದಲಾದವರಿಗೆ ಗೋಚರಿಸಿದ ಅಡಿಪೊನೆಕ್ಟಿನ್ ಮೇದಸ್ಸಿನಲ್ಲಿಯೇ ಹುಟ್ಟಿಯೂ ಮೇದಸ್ಸು ಬೆಳೆದಷ್ಟೂ ರಕ್ತದಲ್ಲಿ ಕಡಮೆಯಾಗುವುದೆಂಬ ವಿಪರ್ಯಾಸವುಳ್ಳದ್ದು. ಆದರೆ ಹಸಿವನ್ನು ಆಳುವ ಅಧಿಕಾರದಲ್ಲಿ ಲೆಪ್ಟಿನ್ನಿಗೆ ಸಮನಾದುದು ಅವುಗಳಲ್ಲಿ ಯಾವುದೂ ಇಲ್ಲ.

ಅದು ಎಂತಹ ಅಧಿಕಾರವೆಂಬುದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟುದು ಕೇಂಬ್ರಿಜ್ಜಿನಲ್ಲಿ ಸ್ಟೀಫನ್ ಓ'ರಾಹಿಲಿ ಮತ್ತು ಸದಫ್ ಫಾರೂಕಿ ಅವರ ಕಾರ್ಯ. 1997ರಲ್ಲಿ ಅವರ ತಂಡ ವರ್ಣಿಸಿದ ಇಬ್ಬರು ಮಕ್ಕಳಲ್ಲಿ ಒಬ್ಬಳು ಎಂಟರ ವಯಸ್ಸಿಗೆ 86 ಕಿಲೋಗ್ರಾಂ ತೂಗುತ್ತಿದ್ದಳು, ಮತ್ತೊಬ್ಬನು ಎರಡರ ವಯಸ್ಸಿಗೆ 29. ಆ ಮಕ್ಕಳ ಹಸಿವು ಊಟವಾದ ಮರುಗಳಿಗೆಯಲ್ಲಿಯೇ ಮರಳುವಂತಹುದು. ಅವರ ರಕ್ತದಲ್ಲಿ ಲೆಪ್ಟಿನ್ ಇಲ್ಲವೆಂಬಷ್ಟು ಕಡಮೆಯಾಗಿದ್ದಿತು. ಅವರ ವಂಶವಾಹಿಯಲ್ಲಿ ಒಂದೇ ಒಂದಕ್ಷರ ಲೋಪವಾಗಿದ್ದಿತು. ದಿನಕ್ಕೊಮ್ಮೆ ಲೆಪ್ಟಿನ್ ಚುಚ್ಚತೊಡಗಿದ ಮೇಲೆ ಆ ಬಾಲಕಿಯ ಹಸಿವು ಕೆಲವೇ ದಿನಗಳಲ್ಲಿ ಇತರ ಮಕ್ಕಳ ಮಟ್ಟಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಅವಳು ಕಳೆದುಕೊಂಡ 16.4 ಕಿಲೋಗ್ರಾಮಿನಲ್ಲಿ ಬಹುತೇಕ ಎಲ್ಲವೂ ಮೇದಸ್ಸೇ. ಆ ಮಗುವಿನ ಸಂಕಲ್ಪಶಕ್ತಿ ಒಂದು ವಾರದಲ್ಲಿ ಬೆಳೆದು ಬಲಿತಿತೆಂದು ಯಾರು ತಾನೆ ಹೇಳಿಯಾರು? ಮೇದಸ್ಸು ಹುಟ್ಟಿನಿಂದಲೇ ಇಲ್ಲದಿರುವ ಅಥವಾ ನಡುವೆ ಅಳಿದುಹೋಗುವ ಲಿಪೊಡಿಸ್ಟ್ರೋಫಿ ಎಂಬ ವಿರಳ ರೋಗದಲ್ಲಿಯೂ ಲೆಪ್ಟಿನ್ ಮದ್ದಾಯಿತು. ಅಮೆರಿಕದ ಸರ್ಕಾರ 2014ರಲ್ಲಿ ಅದಕ್ಕೆ ಅನುಮತಿಯಿತ್ತಿತು.

ಕೋಲ್ಮನ್ ಲೆಪ್ಟಿನ್ ದೊರೆಯುವ ಮೊದಲೇ, 1991ರಲ್ಲಿ, ವೃತ್ತಿಯಿಂದ ನಿವೃತ್ತರಾಗಿ ಮೇನ್ ಸಂಸ್ಥಾನದ ತಮ್ಮ ಕಾಡುನೆಲವನ್ನು ಪಾಲಿಸುವುದರಲ್ಲಿ ತೊಡಗಿದ್ದರು. 2010ರಲ್ಲಿ ಅವರಿಗೂ ಫ್ರೀಡ್ಮನ್ ಅವರಿಗೂ ಲಾಸ್ಕರ್ ಪ್ರಶಸ್ತಿ ಜಂಟಿಯಾಗಿ ಸಂದಿತು. 2014ರಲ್ಲಿ ಅವರು ತೀರಿಕೊಂಡರು. ವಂಶವಾಹಿಯನ್ನು ಹಿಡಿದುಕೊಟ್ಟವರ ಕೀರ್ತಿ ದೊಡ್ಡದೇ. ಆದರೆ ಸೂಜಿದಾರಗಳಿಂದ ಎರಡು ಇಲಿಗಳನ್ನು ಕೂಡಿಸಿ, ಕಾಣದುದನ್ನು ಕಂಡಂತೆ ನಿರ್ಣಯಿಸಿದ ಆ ಬುದ್ಧಿಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನವನ್ನು ಕೊಡಲು ನಾನು ಒಪ್ಪಲಾರೆ.

ಡಿಬಿ ಇಲಿಯಂತೆ ಗ್ರಾಹಕವೇ ಕೆಟ್ಟಿರುವ ಮನುಷ್ಯರೂ ಇದ್ದಾರೆಂಬುದು 1998ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂದಿತು. ಅವರಿಗೆ ಲೆಪ್ಟಿನ್ ಎಷ್ಟು ಕೊಟ್ಟರೂ ವ್ಯರ್ಥ. ಆದರೆ ಗ್ರಾಹಕವನ್ನು ಮುಟ್ಟಿದ ವಾರ್ತೆ ಹೈಪೊಥಲಾಮಸ್ಸಿನಲ್ಲಿ ಅಲ್ಲಿಗೇ ನಿಲ್ಲದೆ, ಮೆಲನೊಕಾರ್ಟಿನ್ ಎಂಬ ಇನ್ನೊಂದು ದ್ರವ್ಯದ ಮೂಲಕ ಮುಂದಣ ನರಕೋಶಗಳಿಗೆ ಸಾಗುವುದೆಂದು ಈ ನಡುವೆ ತಿಳಿದುಬಂದಿದ್ದಿತು. ಕೆಟ್ಟ ಗ್ರಾಹಕವನ್ನು ಬದಿಗಿಟ್ಟು, ಆ ಮುಂದಣ ನರಕೋಶಗಳನ್ನೇ ನೇರವಾಗಿ ಪ್ರಚೋದಿಸುವ ಸೆಟ್ಮೆಲನೊಟೈಡ್ ಎಂಬ ಔಷಧಕ್ಕೆ 2020ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಅಂತಹ ರೋಗಿಗಳ ಹಸಿವನ್ನೂ ತಗ್ಗಿಸುವ ಮದ್ದೊಂದು ವೈದ್ಯರ ಕೈಸೇರಿತು.